ನನ್ನ ಮಾತೇ ರಸೀದಿ

ಆ ಕಾಗದ ಶಾಲೆಗೆ ಬಂದಿತ್ತು, ಪಲ್ಲವಿ. ನನ್ನ ಕೈಗೇ ಬಂದಿತ್ತು. ನಿನ್ನ ಅವ್ವ ಅದನ್ನು ಕೊಡಲು ಮರೆತಿರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಗೆ ‘ಅಂಥ ಯಾವ ಪತ್ರವೂ ಶಾಲೆಗೆ ಬಂದಿಲ್ಲ’ ಎಂದು ನಾನು ಬರೆದುಕೊಟ್ಟದ್ದು ಸುಳ್ಳು — ತಿಳಿದೂ ತಿಳಿದೂ ಹೇಳಿದ ಸುಳ್ಳು. ಆಗ ಅದು ಏಳನೇ ತರಗತಿಯ ಹಾಜರಿ ಪುಸ್ತಕದ ಹೊದಿಕೆಯೊಳಗಿತ್ತು. ಈಗ ನನ್ನ ಮುಂದೆ ಮೇಜಿನ ಮೇಲಿದೆ.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಯಾಕೆಂದರೆ ನನ್ನನ್ನು ನಾನು ಬಲ್ಲೆ. ಮಾತಿಗೆ ಕೂತರೆ ಸುತ್ತು ಹಾಕಿ, ಅಂದಿನ ಬಿಸಿಲಿನ ಮೇಲೆ ಒಂದಿಷ್ಟು, ಹೆಡ್‌ಮಾಸ್ತರರ ರಜೆಯ ಮೇಲೆ ಒಂದಿಷ್ಟು, ಇಲಾಖೆಯ ಮೇಲೆ ಒಂದಿಷ್ಟು ಹೊರಿಸಿ, ಕೊನೆಗೆ ಕಣ್ಣೊರೆಸಿಕೊಂಡು ಎದ್ದುಹೋಗುವವಳು ನಾನು. ಮೂವತ್ತು ವರ್ಷ ಮಕ್ಕಳಿಗೆ ‘ಸುತ್ತಿ ಬಳಸಿ ಹೇಳಬೇಡ, ಮಾಡಿದೆಯೋ ಇಲ್ಲವೋ ಹೇಳು’ ಎಂದು ಗದರಿಸಿದ್ದೇನೆ. ಇವತ್ತು ಆ ಗದರಿಕೆ ನನಗೇ ಇರಲಿ.

ನಡೆದದ್ದರಲ್ಲಿ ಹೆಚ್ಚಿನದು ನಿನಗೆ ಗೊತ್ತು. ಆದರೆ ಅದರಲ್ಲಿ ನನ್ನ ಕೈ ಎಲ್ಲೆಲ್ಲಿತ್ತು ಎಂಬುದು ಗೊತ್ತಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ಏಳು ವರ್ಷದ ಹಿಂದೆ ನಾನು ವಾಡಿಯ ಆ ಸರ್ಕಾರಿ ಶಾಲೆಯಲ್ಲಿ ಹಿರಿಯ ಶಿಕ್ಷಕಿ, ನೀನು ನನ್ನ ಏಳನೇ ತರಗತಿಯ ಹುಡುಗಿ. ನಿನ್ನ ಅಪ್ಪ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸದವರು. ನಿನ್ನ ಅವ್ವ ಸುಮಿತ್ರಾಬಾಯಿ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಮ್ಮ ಅರ್ಧ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದರು. ಅವರ ನೆನಪಿನ ಶಕ್ತಿ ಊರಿಗೇ ಗೊತ್ತಿತ್ತು. ಟೇಪು ಕೊರಳಲ್ಲಿ ತೂಗುತ್ತಿತ್ತೇ ಹೊರತು ಅವರು ಯಾರ ಅಳತೆಯನ್ನೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಜೂನ್ ತಿಂಗಳಲ್ಲಿ ಮಕ್ಕಳ ಸಾಲನ್ನು ಒಮ್ಮೆ ಕಣ್ಣಾಡಿಸಿ, “ಈಕಿ ಹ್ವಾದ ವರ್ಷಕ್ಕಿಂತ ಎರಡ ಇಂಚ ಬೆಳದಾಳ್ರಿ ಅಕ್ಕೋರೇ. ಆಕಿ ಹೆಗಲು ಇದ್ದಷ್ಟೇ ಅದ” ಎನ್ನುತ್ತಿದ್ದರು. ಹೊಲಿದು ತಂದರೆ ಒಂದು ಗುಂಡಿಯೂ ಆಚೀಚೆ ಇರುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೋ, ಮುಂದೆ ಇದಕ್ಕೇ ಬರುತ್ತೇನೆ.

ಆ ವರ್ಷ ಶಾಲೆ ಶುರುವಾಗಿ ಹದಿನೈದು ದಿನವಾಗಿರಬೇಕು. ಹೆಡ್‌ಮಾಸ್ತರರು ಕಾಯಿಲೆಯ ರಜೆಯ ಮೇಲಿದ್ದರು, ಪ್ರಭಾರ ನನ್ನದು. ಅವರ ಕುರ್ಚಿಯಲ್ಲಿ ಕೂತಿದ್ದೆ — ಕುರ್ಚಿ ಸ್ವಲ್ಪ ಎತ್ತರದ್ದು, ಕೂತವರ ತಲೆಯೂ ಸ್ವಲ್ಪ ಎತ್ತರಕ್ಕೆ ಹೋಗುತ್ತದೆ. ಸುಮಿತ್ರಾಬಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪ್ಲಾಸ್ಟಿಕ್ ಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ಪಲ್ಲವಿದು ಯೋಜನಾ ಪತ್ರ ಅದರಿ. ಆಕಿಗೆ ಸಿಕಲ್ ಸೆಲ್ ಅಂತ ರಕ್ತದ ಬ್ಯಾನಿ. ಕಲಬುರಗಿ ಡಾಕ್ಟರು, ನಿಮ್ಮ ಇಲಾಖೆ ಸರು ಕೂಡಿ ಬರದಾರ. ಒಂದು ಸಾಲ್ಯಾಗ ಇಟಗೊಳ್ರಿ, ಇನ್ನೊಂದರ ಮ್ಯಾಲ ಸಹಿ ಮಾಡಿ ಸಾಲಿ ಶಿಕ್ಕಾ ಒತ್ತಿ ಕೊಡ್ರಿ. ನಾ ಅದನ್ನ ಆಫೀಸಿಗಿ ಮುಟ್ಟಿಸಬೇಕು.”

ನಾನು ಓದಿದೆ. ಓದಲಿಲ್ಲ ಎಂದು ಹೇಳುವಂತಿಲ್ಲ — ಒಂದೊಂದು ಸಾಲನ್ನೂ ಓದಿದೆ. ಮೊದಲನೆಯ ಸಾಲು ಹೀಗಿತ್ತು: ‘ಈ ವಿದ್ಯಾರ್ಥಿನಿ ಯಾವಾಗ ಬೇಕಾದರೂ, ಯಾರ ಅನುಮತಿಯನ್ನೂ ಕೇಳದೆ ನೀರು ಕುಡಿಯಬಹುದು.’ ಕೇಳದೆ ಶೌಚಾಲಯಕ್ಕೆ ಹೋಗಬಹುದು. ಬಿಸಿಲಿನಲ್ಲಿ ನಿಲ್ಲಿಸಬಾರದು. ದಣಿವಾಗುವಂತೆ ಓಡಿಸಬಾರದು. ಮೈ ಬಿಸಿಯಾದರೆ, ಕೈಕಾಲು ನೋವು ಎಂದರೆ ತಡಮಾಡದೆ ಮನೆಗೆ, ಆಸ್ಪತ್ರೆಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಕಳೆದ ದಿನಗಳಿಗಾಗಿ ಪರೀಕ್ಷೆಗೆ ಅಡ್ಡಿ ಮಾಡಬಾರದು. ಇಷ್ಟೇ.

ನನಗೆ ನಗು ಬಂತು. ನೀರು ಕುಡಿಯುವುದಕ್ಕೂ ಒಂದು ಯೋಜನೆಯೇ! ನನ್ನ ತರಗತಿಯಲ್ಲಿ ಬಾಗಿಲ ಪಕ್ಕ ಮೊಳೆಗೆ ಒಂದು ಮರದ ಹಲಗೆ ತೂಗುಬಿಟ್ಟಿದ್ದೆ, ನಿನಗೆ ನೆನಪಿದೆ. ಹೊರಗೆ ಹೋಗುವವರು ನನ್ನನ್ನು ಕೇಳಿ ಆ ಹಲಗೆ ಹಿಡಿದುಕೊಂಡು ಹೋಗಬೇಕು, ಅವರು ಬಂದು ಹಲಗೆ ತೂಗುಹಾಕುವ ತನಕ ಇನ್ನೊಬ್ಬರು ಏಳಬಾರದು. ಐವತ್ತೆರಡು ಮಕ್ಕಳನ್ನು ಒಂದು ಹಲಗೆಯಿಂದ ಆಳುತ್ತೇನೆ ಎಂದು ನನಗೆ ಹೆಮ್ಮೆ. ಬೇರೆ ಶಾಲೆಯವರು ಬಂದು ನೋಡಿ ಹೋಗಿದ್ದರು. ಈಗ ಒಬ್ಬ ಹುಡುಗಿಗೆ ಮಾತ್ರ ಹಲಗೆ ಬೇಡವಂತೆ.

“ಆತು, ನೋಡತೀನಿ” ಎಂದೆ.

“ನೋಡೋದಲ್ರಿ ಅಕ್ಕೋರೇ. ಇದು ವಿನಂತಿ ಅಲ್ಲಂತ. ಕಾನೂನದಂತ, ಸರು ಹೇಳ್ಯಾರ. ಶಿಕ್ಕಾ ಹಾಕಿ ಕೊಡ್ರಿ, ರಸೀದಿ ಇದ್ದಂಗ.”

ಇಲ್ಲಿ ನಿಲ್ಲುತ್ತೇನೆ. ನಿಮ್ಮ ಮನೆಯ ಗೋಡೆಯ ಮೇಲೆ ನೀಲಿ ಕೋಟಿನವರ ಫೋಟೊ ಇದೆ, ಕೈಯಲ್ಲಿ ಪುಸ್ತಕ ಹಿಡಿದದ್ದು. ನಮ್ಮ ಮನೆಯಲ್ಲಿ ಲಿಂಗಪೂಜೆ, ಬಾಯಿ ತೆರೆದರೆ ಶರಣರ ಮಾತು, ಎಲ್ಲರೂ ಒಂದೇ ಎನ್ನುವ ಮಾತು. ಆದರೆ ನಿನ್ನ ಅವ್ವ ನನ್ನ ಮುಂದೆ ನೆಟ್ಟಗೆ ನಿಂತು ‘ಕಾನೂನು’ ಎಂದಾಗ ನನ್ನೊಳಗೆ ಎದ್ದದ್ದು ಶರಣರ ಮಾತಲ್ಲ. ಇವರು ನನಗೆ ಕಾನೂನು ಹೇಳುವಷ್ಟಾದರಾ — ಅದು ಎದ್ದಿತು. ಇದೇ ಮಾತನ್ನು ಬೇರೆ ಮನೆಯ ತಾಯಿ ಹೇಳಿದ್ದರೆ ನನ್ನ ಕಿವಿಗೆ ಅದು ಸೊಕ್ಕಾಗಿ ಕೇಳುತ್ತಿತ್ತೇ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ, ನಿನಗೂ ಗೊತ್ತಿದೆ.

ನಾನು ನಕ್ಕು ಹೇಳಿದೆ, “ಸುಮಿತ್ರಾಬಾಯಿ, ನಾ ಇಲ್ಲಿ ಕೂತೀನಲ್ಲ? ನನ್ನ ಮಾತೇ ರಸೀದಿ ತಿಳ್ಕೊರಿ. ಹೋಗ್ರಿ, ಚಿಂತಿ ಮಾಡಬ್ಯಾಡ್ರಿ.”

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ — ನಂಬಿದರು. ಅಕ್ಕೋರು ಹೇಳಿದ ಮೇಲೆ ಮುಗಿಯಿತು ಎಂದುಕೊಂಡು ಕೈಮುಗಿದು ಹೋದರು.

ನಮ್ಮ ಶಾಲೆಯಲ್ಲಿ ಒಂದು ರೂಢಿಯಿತ್ತು. ಇಲಾಖೆಯಿಂದ ಟಪಾಲಿನಲ್ಲಿ ಬಂದ ಕಾಗದಕ್ಕೆ ಮಾತ್ರ ಆವಕ ಪುಸ್ತಕದಲ್ಲಿ ನಂಬರು. ಪಾಲಕರು ಕೈಯಲ್ಲಿ ತಂದ ಕಾಗದ ಎಂದರೆ ರಜೆ ಚೀಟಿ ಎಂದೇ ಲೆಕ್ಕ — ಅದನ್ನು ಹಾಜರಿ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯೊಳಗೆ ತುರುಕುವುದು, ವರ್ಷದ ಕೊನೆಗೆ ಹರಿದು ಒಲೆಗೆ ಹಾಕುವುದು. ಮದುವೆಗೆ ಹೋಗಬೇಕು, ಹೊಟ್ಟೆ ನೋವು, ತೊಗರಿ ರಾಶಿ ಇದೆ — ಇಂಥ ಚೀಟಿಗಳ ನಡುವೆ ನಿನ್ನ ಎರಡು ಪ್ರತಿಗಳನ್ನೂ ತುರುಕಿದೆ. ದೊಡ್ಡ ಸಂಚು ಮಾಡಿದೆ ಎಂದೇನಲ್ಲ. ಪಾಲಕರ ಕೈಯಿಂದ ಬಂದದ್ದಕ್ಕೆ ಬಲವಿಲ್ಲ ಎಂದು ನಾವೆಲ್ಲ ಮನಸಾರೆ ನಂಬಿದ್ದೆವು, ಅಷ್ಟೇ.

ಆಮೇಲಿನ ಮೂರು ತಿಂಗಳು ನೀನು ಎಲ್ಲರ ಹಾಗೆ ಹಲಗೆಗಾಗಿ ಕಾದೆ. ಪದೇಪದೇ ಏಳುತ್ತಿದ್ದೆ ಎಂದು ನಿನಗೊಂದು ಹೆಸರನ್ನೂ ಇಟ್ಟೆ — ‘ನೀರಿನ ರಾಣಿ’. ತರಗತಿಯೆಲ್ಲ ನಕ್ಕಿತು. ನೀನೂ ನಕ್ಕೆ. ಆಮೇಲೆ ಏಳುವುದನ್ನೇ ಕಡಿಮೆ ಮಾಡಿದೆ. ಶಿಸ್ತು ಬಂತು ಎಂದು ನಾನು ಸಂತೋಷಪಟ್ಟೆ.

ಸೆಪ್ಟೆಂಬರ್ ಹದಿನೇಳರ ವಿಮೋಚನಾ ದಿನದ ಧ್ವಜಾರೋಹಣಕ್ಕೆ ತಾಲೀಮು ನಡೆದಿತ್ತು. ಮಳೆ ಹೋಗಿ ವಾರವಾಗಿತ್ತು, ನಮ್ಮ ಕಡೆಯ ಆ ಬಿಸಿಲು ನಿನಗೆ ಹೇಳಬೇಕಿಲ್ಲ, ಅಂಗಳದ ಹಾಸುಗಲ್ಲು ಕಾದು ಚಪ್ಪಲಿಯೊಳಗೆ ಸುಡುತ್ತಿತ್ತು. ಹೋದ ವರ್ಷ ನಮ್ಮ ಸಾಲು ಸೊಟ್ಟಗಿತ್ತೆಂದು ಯಾರೋ ಅಂದಿದ್ದರು. ಅದೊಂದು ಕಿಚ್ಚು ನನಗೆ. ತಾಲೀಮು ಮುಗಿಯುವ ತನಕ ಯಾರೂ ಸಾಲು ಬಿಡಬಾರದು ಎಂದು ಆಜ್ಞೆ ಮಾಡಿದೆ. ನೀನು ಒಮ್ಮೆ ಕೈಯೆತ್ತಿದೆ, ನಾನು ನೋಡದ ಹಾಗೆ ಮಾಡಿದೆ. ಇನ್ನೊಮ್ಮೆ ಎತ್ತಿದೆ. ನಾನು ಹತ್ತಿರ ಬಂದೆ. ನಿನ್ನ ತುಟಿ ಒಣಗಿತ್ತು.

“ಅಕ್ಕೋರೇ, ನೀರು ಕುಡಿಬೇಕ್ರಿ. ನನ್ನ ಕಾಗದದಾಗ ಬರದದ್ರಿ.”

ಹನ್ನೆರಡು ವರ್ಷದ ಹುಡುಗಿ. ಅಳಲಿಲ್ಲ, ಬೇಡಲಿಲ್ಲ. ‘ಬರೆದಿದೆ’ ಎಂದೆ ನೀನು. ಎಲ್ಲರ ಮುಂದೆ ಎಂದೆ.

“ನಿನ್ನ ಕಾಗದ ನನಗ ತೋರಸಬ್ಯಾಡ. ಸುಮ್ನ ನಿಂತ್ಕೋ” ಎಂದೆ ನಾನು.

ನೀನು ನಿಂತೆ. ಎಷ್ಟು ಹೊತ್ತು ನಿಂತೆಯೋ — ಇಪ್ಪತ್ತು ನಿಮಿಷ ಎಂದು ಆಮೇಲೆ ಹೇಳಿಕೆಯಲ್ಲಿ ಬರೆದೆ, ಅದಕ್ಕಿಂತ ಹೆಚ್ಚೇ ಇರಬೇಕು. ಆಮೇಲೆ ನೀನು ಕುಸಿದು, ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ಕೂಗಿದ ಕೂಗು... ಅದನ್ನು ಬರೆಯಲಾರೆ. ನಿನ್ನನ್ನು ಎತ್ತಿಕೊಂಡು ಗೇಟಿನ ತನಕ ಓಡಿದವಳು ನಾನೇ, ಆಟೊದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದವಳೂ ನಾನೇ. ಊರಲ್ಲಿ ಅದೇ ಮಾತಾಯಿತು: ಕಸ್ತೂರಿ ಅಕ್ಕೋರು ಹೆತ್ತ ತಾಯಿಯ ಹಾಗೆ ಎತ್ತಿಕೊಂಡು ಓಡಿದರು. ಆ ವರ್ಷ ಗ್ರಾಮಸ್ಥರು ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ, ಪಲ್ಲವಿ.

ಆಸ್ಪತ್ರೆಯಲ್ಲಿ ಒಬ್ಬ ಎಳೆಯ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದಳು. ನಿನ್ನ ರಕ್ತದ ಕಣ ಕುಡುಗೋಲಿನ ಹಾಗೆ ಬಾಗುತ್ತದಂತೆ. ನೀರು ಕಡಿಮೆಯಾದರೆ, ಮೈ ದಣಿದರೆ ಆ ಕುಡುಗೋಲುಗಳು ಒಂದಕ್ಕೊಂದು ತೊಡರಿಕೊಂಡು ಸಣ್ಣ ನಾಳಗಳಲ್ಲಿ ರಕ್ತ ಹರಿಯದಂತೆ ಅಡ್ಡ ನಿಲ್ಲುತ್ತವಂತೆ. ಎಲುಬಿಗೆ ರಕ್ತ ಸಿಗದೆ ಅದು ಒಳಗೊಳಗೇ ಸಾಯತೊಡಗುತ್ತದಂತೆ. ನಿನ್ನ ಬಲ ಸೊಂಟದ ಕೀಲು ಹಾಗೇ ಹಾಳಾಯಿತು, ನೀನು ಕುಂಟತೊಡಗಿದೆ. ಆ ಒಂದು ದಿನದ ಬಿಸಿಲೇ ಕಾರಣ ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ‘ಒಂದು ಲೋಟ ನೀರು’ ಎಂದಷ್ಟೇ ಹೇಳಿ ಆಕೆ ಮುಂದಿನ ಹಾಸಿಗೆಗೆ ಹೋದಳು.

ತಿಂಗಳ ಮೇಲೆ ಚಿತ್ತಾಪುರದಿಂದ ಅಧಿಕಾರಿ ವಿಚಾರಣೆಗೆ ಬಂದರು. ನನ್ನನ್ನು ಎದುರು ಕೂರಿಸಿಕೊಂಡು ಮೊದಲು ಕಾನೂನು ಹೇಳಿದರು. “ಮೇಡಂ, ಇದು ಡಾಕ್ಟರ ಚೀಟಿ ಅಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದಿಯೊಳಗ ಈ ರಕ್ತದ ಬ್ಯಾನಿನೂ ಸೇರ್ಯದ. ಮಗುವಿಗಿ ಬೇಕಾದ ಅನುಕೂಲ ಕೊಡಲಿಕ್ಕೆ ಒಲ್ಲೆ ಅನ್ನೋದು ಭೇದ ಮಾಡಿದಂಗ ಅಂತ ಅದರಾಗ ಬರದದ. ಕಾಗದ ನಿಮ್ಮ ಕೈ ಸೇರಿತ್ತಂದ್ರ ಅದು ಹುಕುಂ ಇದ್ದಂಗ. ಪಾಲಿಸಿಲ್ಲಂದ್ರ ಜವಾಬ್ದಾರಿ ನಿಮ್ಮದು. ಈಗ ಹೇಳ್ರಿ, ಬಂದಿತ್ತೇನು?”

ಆ ಕ್ಷಣ ನನಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಬೆರಗು — ಇದನ್ನು ನೀನು ನಂಬಲಿಕ್ಕಿಲ್ಲ. ದಿಲ್ಲಿಯಲ್ಲಿ ಎಲ್ಲೋ ಮಾಡಿದ ಕಾಯ್ದೆ ಕಲಬುರಗಿ ದಾಟಿ, ಚಿತ್ತಾಪುರ ದಾಟಿ, ವಾಡಿಯ ಒಬ್ಬ ಹುಡುಗಿಯ ನೀರಿನ ಬಾಟಲಿಯ ಪಕ್ಕ ಬಂದು ನಿಂತಿತ್ತು. ನನ್ನ ಹಲಗೆಗಿಂತ ದೊಡ್ಡದೊಂದು ಆ ಮಗುವಿನ ಬೆನ್ನಿಗಿತ್ತು. ನಾನು ಅದನ್ನು ಹೊಟ್ಟೆನೋವಿನ ಚೀಟಿಗಳ ನಡುವೆ ತುರುಕಿದ್ದೆ. ಇಷ್ಟು ಬಲ ಇದಕ್ಕಿದೆಯೇ ಎಂದು ನನಗೆ ಅರ್ಥವಾದ ಗಳಿಗೆಯೂ ನಾನು ಸುಳ್ಳು ಹೇಳಿದ ಗಳಿಗೆಯೂ ಒಂದೇ. ಅರ್ಥವಾದದ್ದಕ್ಕೇ ಸುಳ್ಳು ಹೇಳಿದೆ.

“ಇಲ್ರಿ ಸರ್. ಬಂದಿಲ್ಲ” ಎಂದೆ. ಹಾಗೇ ಬರೆದೂ ಕೊಟ್ಟೆ.

ಅವರು ಆವಕ ಪುಸ್ತಕ ತರಿಸಿ ನೋಡಿದರು. ನಂಬರಿಲ್ಲ. ಯೋಜನೆ ಬರೆದ ಇಲಾಖೆಯ ಸರು ಅಷ್ಟರಲ್ಲಿ ಚಿಂಚೋಳಿಗೆ ವರ್ಗವಾಗಿದ್ದರು. ಬರೆದದ್ದು ನಿಜ, ಶಾಲೆಯ ಶಿಕ್ಕಾ ಬಿದ್ದ ಪ್ರತಿ ಮರಳಿ ಬರಲಿಲ್ಲ ಎಂದಷ್ಟೇ ಅವರು ತಿಳಿಸಿದ್ದರು. ನಿನ್ನ ಅವ್ವನನ್ನು ಕರೆದರು.

“ಅಕ್ಕೋರ ಕೈಯಾಗೇ ಕೊಟ್ಟೀನ್ರಿ ಸಾಹೇಬ್ರ. ಎರಡೂ ಕೊಟ್ಟೀನಿ. ಶಿಕ್ಕಾ ಹಾಕ್ರಿ ಅಂದೆ. ಅವರು ನನ್ನ ಮಾತೇ ರಸೀದಿ ಅಂದ್ರು.” ಹಾಗೆ ಹೇಳಿ ಅವರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. ನಾನು ಈಗ ಹೌದು ಎನ್ನುತ್ತೇನೆ ಎಂದು ಪೂರ್ತಿ ನಂಬಿಕೊಂಡು ತಿರುಗಿದರು. ನಾನು ಹಾಜರಿ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಅದೇ ಪುಸ್ತಕ.

“ನೀವು ಬಂದಿದ್ದು ನನಗ ನೆನಪಿಲ್ರಿ” ಎಂದೆ.

ನಿನ್ನ ಅಪ್ಪ ಒಳ್ಳೆಯವರು, ಜಗಳ ಬೇಡದವರು. “ಮರತಿರಬೇಕು ಬಿಡ್ರಿ ಸಾಹೇಬ್ರ. ಈಕಿಗಿ ಮಷೀನ ಕೆಲಸನೇ ಭಾಳ. ಅಕ್ಕೋರು ಯಾಕ ಸುಳ್ಳ ಹೇಳ್ತಾರ? ನಮ್ಮ ಹುಡುಗಿನ್ನ ಎತಗೊಂಡು ಓಡ್ಯಾರ ಅವರು” ಎಂದರು. ಸುಮಿತ್ರಾಬಾಯಿ ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತರು. ಆಮೇಲೆ ಬಹಳ ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, “ಕೊಟ್ಟಿಲ್ಲೇನು ನಾ?” ಎಂದರು.

ಅಂಗಳದಲ್ಲಿ ನೀನು ಕಾಗದದ ಮಾತೆತ್ತಿದ್ದನ್ನು ನಾನು ಹೇಳಲಿಲ್ಲ, ಮಕ್ಕಳನ್ನು ಯಾರೂ ವಿಚಾರಿಸಲಿಲ್ಲ. ವಿಚಾರಣೆ ಮುಗಿಯಿತು. ತಾಯಿ ಪತ್ರ ತಲುಪಿಸಿಲ್ಲ, ಶಾಲೆಗೆ ವಿಷಯ ತಿಳಿದಿರಲಿಲ್ಲ ಎಂದು ಬರೆದರು.

ಆ ವರ್ಷ ಮುಗಿದ ಮೇಲೆ ನಾನು ವರ್ಗ ಕೇಳಿಕೊಂಡು ನಾಲವಾರದ ಕಡೆ ಬಂದೆ. ಕಾಗದ ನನ್ನ ಜೊತೆಗೇ ಬಂತು. ಅದನ್ನು ಸುಡಬೇಕು ಎಂದು ಎರಡು ಸಲ ಒಲೆಯ ಮುಂದೆ ಕೂತಿದ್ದೇನೆ. ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದರೆ — ಒಳ್ಳೆಯತನದಿಂದ ಎಂದು ಹೇಳಿಕೊಳ್ಳಲಾರೆ. ಹೆದರಿದೆ. ಆ ಮೊದಲನೆಯ ಸಾಲು ಓದಿದಾಗಲೆಲ್ಲ ಯಾರೋ ಹಿರಿಯರು ಕೋಣೆಯೊಳಗೆ ಬಂದ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಅಲಮಾರಿಯ ಹಾಸು ಕಾಗದದ ಕೆಳಗೆ ಇಟ್ಟೆ. ಮೇಲೆ ಆ ಶಾಲು ಇಟ್ಟೆ.

ಮರದ ಹಲಗೆಯನ್ನು ಹೊಸ ಶಾಲೆಯಲ್ಲಿ ತೂಗುಹಾಕಲಿಲ್ಲ. ಮಕ್ಕಳು ಕೇಳದೆ ಎದ್ದು ನೀರು ಕುಡಿಯುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಹಾಗೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ.

ಹೋದ ವಾರ ನೀನು ಬಂದೆ. ನಾನೀಗ ಇಲ್ಲಿ ಮುಖ್ಯ ಶಿಕ್ಷಕಿ ಎಂದು ನಿನಗೆ ಗೊತ್ತಿತ್ತು, ವಾಡಿಯಿಂದ ಬೆಳಗಿನ ಗಾಡಿಗೆ ಬಂದಿದ್ದೆ. ಊರುಗೋಲು ಹಿಡಿದಿದ್ದೆ, ಆದರೆ ಎಷ್ಟು ಎತ್ತರವಾಗಿದ್ದೀಯ! ಜೊತೆಗೆ ನಮ್ಮ ಒಂದನೇ ತರಗತಿಯ ಪುಟ್ಟ ಹುಡುಗಿ, ಅದರ ತಾಯಿ. ಆ ಮಗುವಿಗೂ ನಿನ್ನದೇ ಕಾಯಿಲೆ. ಆಸ್ಪತ್ರೆಯ ವಾರ್ಡಿನಲ್ಲಿ ನಿನಗೆ ಪರಿಚಯವಾದವರು. ಕಾಲೇಜಿಗೆ ರಜೆ ಇದ್ದಾಗ ನೀನು ಇಂಥ ತಾಯಂದಿರ ಜೊತೆ ಶಾಲೆಯಿಂದ ಶಾಲೆಗೆ ಹೋಗುತ್ತೀಯಂತೆ — ಶಹಾಬಾದ, ಸೇಡಂ, ಎಲ್ಲಿಗಾದರೂ. ನನ್ನ ಕಾಲು ಮುಟ್ಟಲು ಬಗ್ಗಿದೆ. ನಾನು ಹಿಂದೆ ಸರಿದೆ. ವಿನಯ ಎಂದುಕೊಂಡೆಯಲ್ಲ?

ಕೂತವಳೇ ಚೀಲದಿಂದ ಬಾಟಲಿ ತೆಗೆದು ನೀರು ಕುಡಿದೆ. ಯಾರನ್ನೂ ಕೇಳಲಿಲ್ಲ. ಕುಡಿದು, ಮುಚ್ಚಳ ತಿರುಗಿಸಿ, ಮೇಜಿನ ಮೇಲೆ ನನ್ನ ಮುಂದೆಯೇ ಇಟ್ಟೆ. ಆಮೇಲೆ ಎರಡು ಪ್ರತಿ ತೆಗೆದೆ.

“ಒಂದರ ಮ್ಯಾಲ ಸಹಿ, ತಾರೀಖು, ಶಿಕ್ಕಾ ಹಾಕಿ ಈಗೇ ವಾಪಸ್ ಕೊಡ್ರಿ ಅಕ್ಕೋರೇ. ಆವಕ ನಂಬರೂ ಹಾಕ್ರಿ. ತಪ್ಪು ತಿಳ್ಕೋಬ್ಯಾಡ್ರಿ, ನಿಮ್ಮ ಮ್ಯಾಲ ಭರೋಸಾ ಇಲ್ಲಂತಲ್ಲ. ನಮ್ಮವ್ವ ನನ್ನ ಕಾಗದ ಕೊಡೋದು ಮರತಿದ್ಲಲ್ಲ, ಅದಕ್ಕ.”

“ನಿಮ್ಮವ್ವ ಹ್ಯಾಂಗದಾರ?” ಎಂದೆ. ಕೇಳಬಾರದಿತ್ತು. ಕೇಳದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೋ ಏನೋ.

“ಅದಾಳ್ರಿ. ಆದ್ರ ಆಕಿಗಿ ತನ್ನ ಮ್ಯಾಲ ತನಗೇ ಭರೋಸಾ ಇಲ್ಲ. ಗ್ಯಾಸ್ ಬಂದ್ ಮಾಡೀನೇನು ಅಂತ ಮೂರ ಸರ್ತಿ ಎದ್ದು ನೋಡ್ತಾಳ. ಅಳತಿ ಎಲ್ಲಾ ಬರಕೋತಾಳ ಈಗ, ಬರದಿದ್ದನ್ನೂ ನಂಬಂಗಿಲ್ಲ, ಮತ್ತ ಅಳೀತಾಳ. ಮಂದಿ ಬ್ಯಾಸತ್ತು ಬ್ಯಾರೆ ಕಡಿ ಹೊಲಸಾಕತ್ತಾರ.” ನೀನು ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದೆ. “ನಾ ಮಾಫ್ ಮಾಡೀನ್ರಿ ಆಕಿಗಿ. ಖರೆ ಹೇಳಬೇಕಂದ್ರ, ಸೊಂಟ ಭಾಳ ನೊಂದಾಗ ಬಾಯಿಂದ ಬಂದೇ ಬಿಡ್ತದ — ನೀ ಮರತಿದ್ದಕ್ಕೇ ಅಂತ. ಆಕಿ ಒಂದೂ ಮಾತಾಡಂಗಿಲ್ಲ.”

ನಿನ್ನ ಸೊಂಟದ ನೋವು ಮಾತ್ರ ನನ್ನ ಲೆಕ್ಕದಲ್ಲಿತ್ತು, ಪಲ್ಲವಿ, ಏಳು ವರ್ಷ. ಅರ್ಧ ಶಾಲೆಯ ಮಕ್ಕಳ ತೋಳು, ಎದೆ, ಹೆಗಲನ್ನು ಕಣ್ಣಿನಲ್ಲೇ ಇಟ್ಟುಕೊಂಡಿದ್ದ ಹೆಂಗಸಿನಿಂದ ಅವಳ ನೆನಪನ್ನೇ ನಾನು ಕಿತ್ತುಕೊಂಡೆ ಎಂಬುದು — ತಾಯಿ ಮಗಳ ನಡುವೆ ಹೋಗಿ ನಿಂತಿದ್ದೇನೆ ಎಂಬುದು — ನನಗೆ ತಿಳಿದಿರಲಿಲ್ಲ. ತಿಳಿಯಲು ಪ್ರಯತ್ನಿಸಿರಲೂ ಇಲ್ಲ.

ನಾನು ಸಹಿ ಮಾಡಿದೆ. ತಾರೀಖು, ಶಿಕ್ಕಾ, ಆವಕ ನಂಬರು. ಪ್ರತಿಯನ್ನು ನಿನ್ನ ಕೈಗೆ ಕೊಟ್ಟೆ. ಆ ಮಗುವಿನ ತಾಯಿ ಹೆದರಿದ ದನಿಯಲ್ಲಿ, “ಈ ಕಾಗದ ಕಳದ್ರ ಹ್ಯಾಂಗ್ರಿ?” ಎಂದಳು. ಆಗ ನೀನು ಅವಳಿಗೆ ಹೇಳಿದ ಮಾತು ನನ್ನನ್ನು ಕೂತಲ್ಲೇ ಕಲ್ಲು ಮಾಡಿತು.

“ಕಳದ್ರೂ ಹಕ್ಕು ಕಳಿಯಂಗಿಲ್ಲಕ್ಕಾ. ಹಕ್ಕು ಕಾಗದದಿಂದ ಹುಟ್ಟಿದ್ದಲ್ಲ, ಕಾನೂನಿನಾಗ ಮೊದ್ಲೇ ಅದ. ನಮಗ ಗೊತ್ತಿರಲಿಲ್ಲ ಅಂತ ಯಾರೂ ಅನಬಾರದಂತ ಕಾಗದ, ಅಷ್ಟೇ.”

ಎಷ್ಟು ಸಣ್ಣ ಮಾತು, ಎಂಥ ಮಾತು! ನನಗೆ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ತಿಳಿಯದ್ದನ್ನು ನೀನು ಊರುಗೋಲಿಗೆ ಗಲ್ಲ ಊರಿಕೊಂಡು ಹೇಳಿದೆ. ಏಳು ವರ್ಷ ನಾನು ಅಡಗಿಸಿಟ್ಟದ್ದು ನಿನ್ನ ಹಕ್ಕನ್ನಲ್ಲ, ನನಗೆ ಗೊತ್ತಿತ್ತು ಎಂಬುದನ್ನು. ನೀನು ನೀರು ಕೇಳಿದಾಗ ಕಾಗದವೇ ಇಲ್ಲದಿದ್ದರೂ ಕೊಡಬೇಕಾದವಳು ನಾನು. ಇಂಥ ಕಾಲು, ಇಂಥ ನೋವು ಹೊತ್ತುಕೊಂಡು, ಸಿಟ್ಟನ್ನು ಒಂದು ಕಡೆ ಇಟ್ಟು, ಯಾರದೋ ಮಗುವಿನ ನೀರಿಗಾಗಿ ಬೆಳಗಿನ ಗಾಡಿ ಹತ್ತುವ ಹುಡುಗಿ ನನ್ನ ತರಗತಿಯಲ್ಲಿ ಕೂತಿದ್ದಳು, ಅವಳಿಗೆ ನಾನು ‘ನೀರಿನ ರಾಣಿ’ ಎಂದು ಹೆಸರಿಟ್ಟು ನಗಿಸಿದ್ದೆ. ಪಲ್ಲವಿ, ನಿನ್ನನ್ನು ನೋಡಿ ನನಗೆ ಕೈಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ. ಆ ಕೈಗೆ ಅದೂ ಸಲ್ಲದು.

ಅಂದೇ ಹೇಳಬೇಕಿತ್ತು. ನೀನು ಹೊರಟು ಗೇಟು ದಾಟುವ ತನಕ ನಾಲಿಗೆಯ ತುದಿಗೆ ಬಂದಿತ್ತು. ಮತ್ತೆ ಹೆದರಿದೆ. ವಾರ ಬೇಕಾಯಿತು.

ಈಗ ಏನು ಮಾಡುತ್ತಿದ್ದೇನೆ ಎಂದು ಹೇಳಿ ಮುಗಿಸುತ್ತೇನೆ. ಇಲಾಖೆಗೆ ಒಂದು ಹೇಳಿಕೆ ಬರೆದಿದ್ದೇನೆ: ಪತ್ರ ನನ್ನ ಕೈ ಸೇರಿತ್ತು, ಓದಿದ್ದೆ, ಪಾಲಿಸಲಿಲ್ಲ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ಮೂಲ ಕಾಗದದ ಒಂದು ಪ್ರತಿಯನ್ನು ಅದಕ್ಕೆ ಲಗತ್ತಿಸಿದ್ದೇನೆ. ನಿವೃತ್ತಿಗೆ ಹನ್ನೊಂದು ತಿಂಗಳಿದೆ. ಏನಾಗುತ್ತದೋ ಆಗಲಿ, ಮಾಡಿದ್ದುಣ್ಣೋ ಮಹಾರಾಯ. ನಾಳೆ ಹತ್ತು ಗಂಟೆಗೆ ಚಿತ್ತಾಪುರದ ಕಚೇರಿಯಲ್ಲಿ ಕೊಟ್ಟು, ಸಹಿ, ತಾರೀಖು, ಶಿಕ್ಕಾ ಹಾಕಿಸಿಕೊಂಡೇ ಏಳುತ್ತೇನೆ. ಅದನ್ನು ನಿನ್ನಿಂದ ಕಲಿತಿದ್ದೇನೆ.

ಆದರೆ ಅದಕ್ಕೆ ಮೊದಲು, ಬೆಳಗಿನ ಗಾಡಿಗೆ ವಾಡಿಗೆ ಬರುತ್ತೇನೆ. ಈ ಪತ್ರ ನಿನ್ನ ಕೈಗೆ. ಆ ಹಳೆಯ ಕಾಗದದ ಇನ್ನೊಂದು ಪ್ರತಿ ನಿನ್ನ ಅವ್ವನಿಗೆ — ಅವರು ಕೊಟ್ಟದ್ದನ್ನು ಅವರ ಕೈಗೇ ಮರಳಿ ಕೊಡುತ್ತೇನೆ, ಅದೇ ಮಡಿಕೆಗಳ ಸಮೇತ. ನೀನೂ ಅಲ್ಲಿರಬೇಕು, ನಿನ್ನ ಅಪ್ಪನೂ ಇರಬೇಕು. ಸುಮಿತ್ರಾಬಾಯಿ, ನೀವು ಕೊಟ್ಟಿದ್ದಿರಿ, ಎರಡೂ ಕೊಟ್ಟಿದ್ದಿರಿ, ನಿಮ್ಮ ನೆನಪು ಸರಿಯಾಗಿತ್ತು ಎಂದು ಎಲ್ಲರ ಮುಂದೆ ಹೇಳುತ್ತೇನೆ. ಕೂರಿ ಎನ್ನದಿದ್ದರೆ ನಿಂತೇ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಹೇಳುತ್ತೇನೆ.

ಇಲಾಖೆಯಿಂದ ರಸೀದಿ ತೆಗೆದುಕೊಳ್ಳುತ್ತೇನೆ. ನಿಮ್ಮಿಬ್ಬರಿಂದ ಕೇಳುವುದಿಲ್ಲ.